ಸೋತವರಿಗೂ ಆರು ಸುತ್ತು
(ದಿನಚರಿಯ ಪುಟಗಳು)

ಮಡಿಕೇರಿ
24 ನವೆಂಬರ್ 2024, ಭಾನುವಾರ

ಶಾಲಾ ಮಕ್ಕಳ ಚೆಸ್ ಟೂರ್ನಿಗೆ ದಿನ ಗೊತ್ತಾಯಿತು: ಡಿಸೆಂಬರ್ 8, ಭಾನುವಾರ. ಶನಿವಾರವೇ ಇಡೋಣ ಎಂದವರೂ ಇದ್ದರು. ಈಗ ಅರೇಬಿಕಾ ಕಾಫಿಯ ಕೊಯ್ಲು. ಹಣ್ಣು ಕೀಳಲು ಹೋಗುವ ತಾಯಿ ಶನಿವಾರದ ಕೂಲಿ ಬಿಟ್ಟು ಮಗುವನ್ನು ಮಡಿಕೇರಿಗೆ ಕರೆತರುವುದು ಆಗದ ಮಾತು. ಎಂಟರ ಮುಂದಿನ ವಾರ ಕೊಡವರ ಸುಗ್ಗಿ ಹಬ್ಬ ಪುತ್ತರಿ. ಕೊಡವ ಮನೆಗಳ ಮಕ್ಕಳು ಆಗ ಕುಟುಂಬದ ಹಿರಿಮನೆಯಾದ ಐನ್‌ಮನೆ ಬಿಟ್ಟು ಬರುವುದಿಲ್ಲ, ಬರಲೂಬಾರದು. ಜನವರಿಗೆ ತಳ್ಳಿದರೆ ಹತ್ತನೇ ತರಗತಿಯವರಿಗೆ ಪರೀಕ್ಷೆಯ ತಯಾರಿ. ಹೀಗೆ ಉಳಿದದ್ದು ಅದೊಂದೇ ಭಾನುವಾರ.

ಸಭೆಯಲ್ಲಿ ಹೊತ್ತು ಹಿಡಿದದ್ದು ನಾಕೌಟೋ ಸ್ವಿಸ್ಸೋ ಎಂಬ ಚರ್ಚೆ. ದೈಹಿಕ ಶಿಕ್ಷಕರು ಹಾಕಿ ಆಡಿ ಬೆಳೆದವರು. “ನಾಕೌಟ್ ಮಾಡಿಬಿಡೋಣ ಸರ್. ಊಟದ ಹೊತ್ತಿಗೆ ಸೆಮಿಫೈನಲ್, ಮೂರು ಗಂಟೆಗೆ ಎಲ್ಲ ಮನೆಗೆ” ಎಂದರು. ಕೊಡಗಿನಲ್ಲಿ ಹಾಗೆ ಯೋಚಿಸುವುದು ಸಹಜ. ಈ ವರ್ಷ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಹಾಕಿ ಕಪ್ಪಿಗೆ 360 ಕೊಡವ ಕುಟುಂಬಗಳ ತಂಡಗಳು ಆಡಿದ್ದು ನಾಕೌಟ್‌ನಲ್ಲೇ. ಆದರೆ ಅಲ್ಲಿ ಮೊದಲ ಪಂದ್ಯ ಸೋತ ಕುಟುಂಬ ಗಂಟುಮೂಟೆ ಕಟ್ಟುವುದಿಲ್ಲ. ನೆಂಟರಿಷ್ಟರ ಜೊತೆ ಗ್ಯಾಲರಿಯಲ್ಲಿ ಕೂತು ಉಳಿದ ಪಂದ್ಯಗಳನ್ನು ನೋಡುತ್ತದೆ, ಮಾತು-ಊಟ ಎಲ್ಲ ಇರುತ್ತದೆ. ಚೆಸ್‌ನಲ್ಲಿ ಹತ್ತೂವರೆಗೆ ಸೋತ ಹತ್ತು ವರ್ಷದ ಮಗುವಿಗೆ ಏನಿದೆ? ಕುಟ್ಟದಿಂದಲೋ ಶ್ರೀಮಂಗಲದಿಂದಲೋ ಬೆಳಗಿನ ಮೊದಲ ಬಸ್ಸು ಹಿಡಿದು ಬಂದ ಮಗು ಒಂದೇ ಆಟ ಆಡಿ ಸಂಜೆಯವರೆಗೆ ಜಗಲಿಯಲ್ಲಿ ಕೂರಬೇಕು. ಮುಂದಿನ ವರ್ಷ ಅದು ಬರುವುದಿಲ್ಲ. ಆಟವನ್ನೇ ಬಿಟ್ಟರೂ ಬಿಟ್ಟೀತು.

ಇದಕ್ಕೆ ಉತ್ತರ ಹುಡುಕಿ ನೂರು ವರ್ಷದ ಮೇಲಾಯಿತು. 1895ರಲ್ಲಿ ಜೂರಿಚ್‌ನಲ್ಲಿ ಜೂಲಿಯಸ್ ಮುಲ್ಲರ್ ಎಂಬವರು ತಂದ ಸ್ವಿಸ್ ಪದ್ಧತಿಯಲ್ಲಿ ಯಾರೂ ಹೊರಬೀಳುವುದಿಲ್ಲ. ಗೆದ್ದವರು ಗೆದ್ದವರ ಜೊತೆ, ಸೋತವರು ಸೋತವರ ಜೊತೆ. ಒಮ್ಮೆ ಆಡಿದ ಜೋಡಿ ಮತ್ತೆ ಎದುರಾಗದು. ಎಷ್ಟು ಸುತ್ತು ಬೇಕೆಂಬುದಕ್ಕೆ ಲೆಕ್ಕ ಸುಲಭ: ಪ್ರತಿ ಸುತ್ತಿನಲ್ಲೂ ಎಲ್ಲ ಆಟ ಗೆದ್ದವರು ಅರ್ಧಕ್ಕೆ ಇಳಿಯುತ್ತಾರೆ, ಹಾಗಾಗಿ 32 ಮಕ್ಕಳಿಗೆ ಐದು ಸುತ್ತು, 64ಕ್ಕೆ ಆರು. ನಮ್ಮಲ್ಲಿ ಒಂದೊಂದು ವಿಭಾಗದಲ್ಲೂ ಅದಕ್ಕಿಂತ ಹೆಚ್ಚು ಬರಲಾರರು. ಆರು ಸುತ್ತು ಎಂದು ಬರೆಸಿ, ಎಲ್ಲರ ಸಹಿ ಹಾಕಿಸಿಕೊಂಡೇ ಎದ್ದೆ.

27 ನವೆಂಬರ್, ಬುಧವಾರ

ಸಿಂಗಾಪುರದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಇಂದು ನಮ್ಮ ಗುಕೇಶ್ ಮೂರನೇ ಆಟ ಗೆದ್ದ. ಹಾಲಿ ಚಾಂಪಿಯನ್ ಡಿಂಗ್ ಲಿರೆನ್ ಆಗಲೇ ಸೋಲುವ ಸ್ಥಿತಿಯಲ್ಲಿದ್ದರು, ನಿಜ. ಆದರೂ ಆಟ ಮುಗಿದದ್ದು ಹಲಗೆಯ ಮೇಲಲ್ಲ, 37ನೇ ನಡೆಯಲ್ಲಿ ಅವರ ಕ್ಲಾಕ್ ಮುಗಿದು. ಮೊದಲ 40 ನಡೆಗಳಿಗೆ ಎರಡು ಗಂಟೆ, ಅಲ್ಲಿಯವರೆಗೆ ಒಂದು ಸೆಕೆಂಡೂ ಸೇರುವುದಿಲ್ಲ ಎಂಬುದು ಅಲ್ಲಿನ ಕರಾರು. ವಿಶ್ವ ಚಾಂಪಿಯನ್‌ಗೂ ವಿನಾಯಿತಿ ಇಲ್ಲ.

ನಮ್ಮ ಟೂರ್ನಿಯ ಸಮಯವನ್ನೂ ಇವತ್ತೇ ಕೂತು ಹಾಕಿದೆ. ಲೆಕ್ಕ ಶುರು ಮಾಡಿದ್ದು ಕೊನೆಯಿಂದ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಕತ್ತಲಾದ ಮೇಲೆ ರಸ್ತೆಗೆ ಆನೆಗಳು ಇಳಿಯುತ್ತವೆ. ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯುವ ಮಕ್ಕಳು ಬೆಳಕಿರುವಾಗಲೇ ಮನೆ ಸೇರಬೇಕು. ಅಂದರೆ ಬಹುಮಾನವೂ ಸೇರಿ ನಾಲ್ಕು ಗಂಟೆಗೆ ಎಲ್ಲ ಮುಗಿಯಬೇಕು. ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 5 ಸೆಕೆಂಡು ಸೇರ್ಪಡೆ. 60 ನಡೆಯ ಆಟವಾದರೂ ಒಬ್ಬರಿಗೆ 20 ನಿಮಿಷ, ಇಬ್ಬರಿಗೆ 40. ಸುತ್ತಿಗೆ 50 ನಿಮಿಷ ಕೊಟ್ಟರೆ ಮುಂದಿನ ಸುತ್ತಿನ ಜೋಡಿಗಳ ಪಟ್ಟಿ ಅಂಟಿಸಲು, ನೀರು ಕುಡಿಯಲು ಬಿಡುವು ಸಿಗುತ್ತದೆ. ಹತ್ತಕ್ಕೆ ಮೊದಲ ಸುತ್ತು, ಊಟಕ್ಕೆ ಮುಂಚೆ ಮೂರು, ಒಂದೂಕಾಲಿನಿಂದ ಉಳಿದ ಮೂರು.

ತಡವಾಗಿ ಬಂದವರು ಯಾವಾಗ ಸೋತಂತೆ ಎಂಬುದನ್ನು ಮೊದಲೇ ಹೇಳಬೇಕು. ಹೇಳದಿದ್ದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮದಂತೆ ಕಾಯುವ ಅವಧಿ ಸೊನ್ನೆ: ಆಟ ಶುರುವಾಗುವಾಗ ಕುರ್ಚಿಯಲ್ಲಿ ಇರದವನು ಸೋತ. ಘಟ್ಟದ ಬಸ್ಸು ನಂಬಿ ಬರುವ ಮಕ್ಕಳಿಗೆ ಅದು ನ್ಯಾಯವಲ್ಲ. ಹತ್ತು ನಿಮಿಷ ಎಂದು ಬರೆದೆ. ಕ್ಲಾಕ್ ಓಡುತ್ತಿರಲಿ, ಬಾಗಿಲು ತೆರೆದಿರಲಿ.

3 ಡಿಸೆಂಬರ್, ಮಂಗಳವಾರ

ಫೆಂಗಲ್ ಚಂಡಮಾರುತದ ಮಳೆ ಬಿಟ್ಟಿಲ್ಲ. ಕಣದಲ್ಲಿ ಒಣಹಾಕಿದ ಕಾಫಿಗೆ ಎಲ್ಲರೂ ಟಾರ್ಪಾಲು ಹೊದಿಸಿ ಕೂತಿದ್ದಾರೆ. ನಾನೂ ಒಳಗೇ ಕೂತು ನಿಯಮಗಳ ಹಾಳೆ ಮುಗಿಸಿದೆ.

ಹಾಳೆ ಕನ್ನಡದಲ್ಲಿರಬೇಕು, ಒಂದೇ ಪುಟ ಇರಬೇಕು, ಎಂಟು ವರ್ಷದ ಮಗು ಓದಿಕೊಳ್ಳುವಂತಿರಬೇಕು. ಈ ಜಿಲ್ಲೆಯ ಮಕ್ಕಳು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎರವ ಭಾಷೆ ಆಡುತ್ತಾರೆ. ಅಸ್ಸಾಮಿನಿಂದ ತೋಟಕ್ಕೆ ಬಂದವರ ಮಕ್ಕಳೂ ಈಗ ನಮ್ಮ ಸರ್ಕಾರಿ ಶಾಲೆಗಳಲ್ಲಿದ್ದಾರೆ. ಎಲ್ಲರೂ ಕೂಡುವ ಮಾತು ಶಾಲೆಯ ಕನ್ನಡ. ಇಂಗ್ಲಿಷ್ ಹಾಳೆ ಹಂಚಿದರೆ ಪೇಟೆಯ ಶಾಲೆಯವರಿಗೆ ಮಾತ್ರ ನಿಯಮ ಗೊತ್ತಿರುತ್ತದೆ. ಉಳಿದವರಿಗೆ ಅದು ಶಿಕ್ಷೆಯಾದಾಗ ಮೊದಲ ಬಾರಿ ತಿಳಿಯುತ್ತದೆ.

ಮುಟ್ಟಿದ ಕಾಯಿ ನಡೆಸಲೇಬೇಕು. ಎದುರಾಳಿಯ ಕಾಯಿ ಮುಟ್ಟಿದರೆ, ಹೊಡೆಯಲು ದಾರಿ ಇದ್ದರೆ, ಹೊಡೆಯಲೇಬೇಕು. ಕಾಯಿ ಸರಿಪಡಿಸುವುದಿದ್ದರೆ ನಿನ್ನ ಸರದಿಯಲ್ಲಿ, ಮುಟ್ಟುವ ಮೊದಲೇ ಹೇಳಬೇಕು. ಎದುರಾಳಿ ಈ ನಿಯಮ ಮುರಿದರೆ, ನೀನು ನಿನ್ನ ಕಾಯಿ ಮುಟ್ಟುವ ಮುಂಚೆಯೇ ಕೈ ಎತ್ತು. ಆಮೇಲೆ ದೂರು ನಡೆಯದು. ಕ್ಯಾಸ್ಲಿಂಗ್‌ಗೆ ಮೊದಲು ರಾಜ, ಆಮೇಲೆ ಆನೆ, ಒಂದೇ ಕೈ.

ರಾಜನನ್ನು ಹೊಡೆಯುವುದು ಗೆಲುವಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಮನೆಯಲ್ಲಿ ಆಡುವ ಮಕ್ಕಳು ಚೆಕ್ ಕಾಣದೆ ಬೇರೆ ಕಾಯಿ ನಡೆಸುತ್ತಾರೆ, ಎದುರಿನವರು ರಾಜನನ್ನೇ ಎತ್ತಿಟ್ಟು ಕೇಕೆ ಹಾಕುತ್ತಾರೆ. ಟೂರ್ನಿಯಲ್ಲಿ ಕೈ ಎತ್ತಬೇಕು. ತಪ್ಪು ನಡೆ ನಡೆಸಿ ಕ್ಲಾಕ್ ಒತ್ತಿದರೆ ಮೊದಲ ಸಲ ಎದುರಾಳಿಗೆ ಎರಡು ನಿಮಿಷ ಹೆಚ್ಚು, ಎರಡನೇ ಸಲ ಆಟವೇ ಸೋಲು.

ಸೈನಿಕ ಕೊನೆಯ ಮನೆ ಮುಟ್ಟಿದಾಗ ಇನ್ನೊಂದು ರಾಣಿ ಸಿಗದೆ, ಆನೆಯನ್ನು ತಲೆಕೆಳಗಾಗಿ ಇಟ್ಟು “ಇದು ರಾಣಿ” ಎನ್ನುವುದು ನಮ್ಮ ಎಲ್ಲ ಶಾಲೆಗಳಲ್ಲೂ ರೂಢಿ. ತೀರ್ಪುಗಾರರ ಕಣ್ಣಿಗೆ ತಲೆಕೆಳಗಾದ ಆನೆಯೂ ಆನೆಯೇ. ಮಗು ಆಟದುದ್ದಕ್ಕೂ ಕಷ್ಟಪಟ್ಟು ಒಂದು ಸೈನಿಕನನ್ನು ಅಲ್ಲಿಗೆ ತಲುಪಿಸಿರುತ್ತದೆ. ಇದಕ್ಕೆ ಹಾಳೆಯಲ್ಲಿ ಒಂದು ಸಾಲು ಬರೆದರೆ ಸಾಲದು. ಪ್ರತಿ ಮೇಜಿನ ಮೇಲೂ ಎರಡು ಬಣ್ಣಕ್ಕೂ ಒಂದೊಂದು ಹೆಚ್ಚಿನ ರಾಣಿ ಇಡಬೇಕು. ಹಳೆಯ ಸೆಟ್ಟುಗಳಿಂದ ಆಯ್ದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.

7 ಡಿಸೆಂಬರ್, ಶನಿವಾರ

ಮೈಸೂರಿನಿಂದ ಡಿಜಿಟಲ್ ಕ್ಲಾಕ್‌ಗಳು ಬಂದವು. ರಾಜ್ಯಕ್ಕೆ 2017ರಲ್ಲಿ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಅವರನ್ನು ಕೊಟ್ಟ ಊರು ಅದು. ಕೇಳಿದ ಕೂಡಲೇ ಕೊಡುವ ಗೆಳೆಯರು ಅಲ್ಲಿದ್ದಾರೆ. ಕ್ಲಾಕ್ ಸಾಲದಾದರೆ ಮೊದಲ ಮೇಜುಗಳಿಗೆ ಮಾತ್ರ ಇಟ್ಟು, ಉಳಿದ ಕಡೆ ಇಪ್ಪತ್ತು ನಿಮಿಷವಾದ ಮೇಲೆ ಮುಗಿಯದ ಆಟಗಳಿಗೆ ತಂದಿಡುವ ವಾಡಿಕೆ ಇದೆ. ನನಗದು ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಬೇಗ ಆಡಿದವನ ಸಮಯವನ್ನು ನಿಧಾನ ಆಡಿದವನು ತಿಂದಿರುತ್ತಾನೆ, ಅದಕ್ಕೆ ಲೆಕ್ಕವೇ ಇರುವುದಿಲ್ಲ. ಕೊನೆಯ ಮೇಜಿಗೂ ಮೊದಲ ನಡೆಯಿಂದಲೇ ಕ್ಲಾಕ್.

ಬೆಸಸಂಖ್ಯೆಯಲ್ಲಿ ಮಕ್ಕಳು ಬಂದರೆ ಒಬ್ಬರಿಗೆ ಬೈ, ಆಡದೆಯೇ ಒಂದು ಅಂಕ. ಸಾಮಾನ್ಯವಾಗಿ ಅದು ಪಟ್ಟಿಯಲ್ಲಿ ಕೆಳಗಿರುವ ಮಗುವಿಗೆ ಹೋಗುತ್ತದೆ. ದೊಡ್ಡವರು ಅದನ್ನು ಅದೃಷ್ಟ ಎನ್ನುತ್ತಾರೆ. ಆಡಲು ಬಂದ ಮಗು ಎಲ್ಲರೂ ಆಡುವುದನ್ನು ನೋಡುತ್ತಾ ನಿಲ್ಲಬೇಕು, ಅದರಲ್ಲಿ ಯಾವ ಅದೃಷ್ಟ? ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಪಿಯುಸಿ, ಬಹುಮಾನದ ಲೆಕ್ಕಕ್ಕೆ ಸೇರದೆ ಖಾಲಿ ಕುರ್ಚಿಯಲ್ಲಿ ಕೂರಲು ಒಪ್ಪಿದ್ದಾನೆ.

ಟೈಬ್ರೇಕ್ ವಿವರವನ್ನು ಬಾಗಿಲ ಪಕ್ಕದಲ್ಲೇ ಅಂಟಿಸಿದೆವು. ಅಂಕ ಸಮನಾದರೆ ಮೊದಲು ಬುಕ್‌ಹೋಲ್ಜ್: ನೀನು ಆಡಿದ ಎದುರಾಳಿಗಳೆಲ್ಲ ಗಳಿಸಿದ ಅಂಕಗಳ ಮೊತ್ತ. ಗಟ್ಟಿಗರ ಜೊತೆ ಆಡಿದವನಿಗೆ ಮೇಲುಗೈ. ಬಹುಮಾನದ ಹೊತ್ತಿನಲ್ಲಿ ವಿವರಿಸಹೊರಟರೆ ಅದು ನೆಪದಂತೆ ಕೇಳಿಸುತ್ತದೆ. ಬೆಳಿಗ್ಗೆಯೇ ಗೋಡೆಯ ಮೇಲಿದ್ದರೆ ನಿಯಮ.

8 ಡಿಸೆಂಬರ್, ಭಾನುವಾರ, ರಾತ್ರಿ

ಬೆಳಿಗ್ಗೆ ಮಂಜು ಹಾಲ್‌ನ ಕಿಟಕಿಯವರೆಗೂ ಇತ್ತು. ಮಕ್ಕಳು ಸ್ವೆಟರ್ ತೋಳಿನೊಳಗೆ ಕೈ ಎಳೆದುಕೊಂಡು ಕೂತಿದ್ದರು. ವ್ಯಾಸಂಗ ಪ್ರಮಾಣಪತ್ರ, ಹುಟ್ಟಿದ ದಿನಾಂಕ ನೋಡಿ 14 ಮತ್ತು 17 ವರ್ಷದೊಳಗಿನವರ ಪಟ್ಟಿ ಮಾಡುವಷ್ಟರಲ್ಲಿ ಒಂಬತ್ತೂವರೆ. ಆಮೇಲೆ ಹಾಳೆಯನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದಿದೆ. ತಪ್ಪು ನಡೆ ಹೇಗಿರುತ್ತದೆ, ಕೈ ಹೇಗೆ ಎತ್ತಬೇಕು ಎಂದು ದೊಡ್ಡ ಹಲಗೆಯ ಮೇಲೆ ಆಡಿ ತೋರಿಸಿದೆವು.

ವಿರಾಜಪೇಟೆ ಕಡೆಯ ಬಸ್ಸು ತಡವಾಯಿತು. ಮೂವರು ಮಕ್ಕಳು ಹತ್ತು ಗಂಟೆ ಏಳು ನಿಮಿಷಕ್ಕೆ ಓಡಿಬಂದರು, ಕ್ಲಾಕ್‌ನಲ್ಲಿ ಎಂಟು ನಿಮಿಷ ಉಳಿದಿತ್ತು. ಅವರಲ್ಲಿ ಒಬ್ಬಳು ಗೆದ್ದಳು.

ಎರಡನೇ ಸುತ್ತಿನ ಒಂದು ಆಟ ಮನಸ್ಸಿನಿಂದ ಹೋಗುತ್ತಿಲ್ಲ. ಇಬ್ಬರೂ ಹನ್ನೊಂದರ ಆಸುಪಾಸಿನವರು. ಹುಡುಗಿ ಕೈ ಎತ್ತಿದಳು. “ಸರ್, ಇವನು ಕುದುರೆ ಮುಟ್ಟಿದ, ಈಗ ಒಂಟೆ ನಡೆಸ್ತಿದ್ದಾನೆ.” ಹುಡುಗ “ಮುಟ್ಟಿಲ್ಲ ಸರ್” ಎಂದ. ಕಣ್ಣಿಗೆ ಕಣ್ಣಿಟ್ಟೇ ಹೇಳಿದ. ಪಕ್ಕದ ಮೇಜಿನವರು ತಮ್ಮ ಆಟದಲ್ಲಿದ್ದರು. ನನ್ನ ಸಹಾಯಕರು ಆ ಸಾಲಿನ ಇನ್ನೊಂದು ತುದಿಯಲ್ಲಿದ್ದರು. ಸಾಕ್ಷಿಯಿಲ್ಲದೆ ನಾನು ಅವನನ್ನು ಕುದುರೆ ನಡೆಸು ಎನ್ನಲಾರೆ. ಆಟ ಮುಂದುವರಿಯಲಿ ಎಂದೆ. ಅವಳ ಮುಖ ಬಾಡಿತು. ಬಗ್ಗಿ ಕೂತು ಅವಳಿಗೆ ಕಾರಣ ಹೇಳಿದೆ: ನೀನು ಸುಳ್ಳು ಹೇಳಿದೆ ಎಂದು ಇದರ ಅರ್ಥವಲ್ಲ, ಕಾಣದ್ದನ್ನು ಕಂಡೆ ಎಂದು ನಾನು ತೀರ್ಪು ಕೊಡುವ ಹಾಗಿಲ್ಲ. ತಲೆಯಾಡಿಸಿದಳು. ಕ್ಲಾಕ್ ನಿಲ್ಲಿಸಿಯೇ ಇದನ್ನೆಲ್ಲ ಹೇಳಿದ್ದರಿಂದ ಅವಳ ಸಮಯ ಹೋಗಲಿಲ್ಲ. ಆ ಆಟ ಅವಳು ಸೋತಳು. ನಿಯಮದಂತೆ ಸರಿಯಾದ ತೀರ್ಪು ಅದೊಂದೇ, ಇವತ್ತೂ ಹಾಗೆಯೇ ಹೇಳುತ್ತೇನೆ. ಆದರೆ ಆ ಮಗುವಿಗೆ ನ್ಯಾಯ ಸಿಕ್ಕಿತೋ ಇಲ್ಲವೋ ಯಾರಿಗೂ ತಿಳಿಯದಂತೆ ಉಳಿಯಿತಲ್ಲ, ಅದು ಚುಚ್ಚುತ್ತದೆ.



ಹೆತ್ತವರೆಲ್ಲ ಹೊರಗೆ ಎಂಬ ನಿಯಮಕ್ಕೆ ಬೆಳಿಗ್ಗೆ ಗೊಣಗಾಟವಿತ್ತು. ಕಿಟಕಿಯ ಹೊರಗಿಂದ ಒಬ್ಬರು ಬೆರಳಿನಲ್ಲಿ ಏನೋ ತೋರಿಸುತ್ತಿದ್ದರು. ಹೊರಗೆ ಹೋಗಿ, ನೋಡುವವರು ಆಟದೊಳಗೆ ಬಾಯಿ ಹಾಕುವಂತಿಲ್ಲ, ತಪ್ಪು ಕಂಡರೂ ತೀರ್ಪುಗಾರರಿಗೆ ಮಾತ್ರ ಹೇಳಬೇಕು ಎಂದು ತಿಳಿಸಿದೆ. ಆಮೇಲೆ ಪರದೆ ಎಳೆದೆವು. ಮಕ್ಕಳ ಮೊಬೈಲುಗಳನ್ನು ಹೆಸರು ಬರೆದ ಕವರಿನಲ್ಲಿ ಹಾಕಿ ಮೊದಲೇ ತೆಗೆದಿಟ್ಟಿದ್ದೆವು. ಆಡುವ ಜಾಗದಲ್ಲಿ ಮಗುವಿನ ಬಳಿ ಮೊಬೈಲ್ ಸಿಕ್ಕರೆ ಆಟವೇ ಸೋಲು. ಆ ಪ್ರಸಂಗ ಬರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಎರಡೂವರೆಗೆ, ಐದನೇ ಸುತ್ತು ನಡೆಯುತ್ತಿದ್ದಾಗ, ಸಿಂಗಾಪುರದಲ್ಲಿ ಹನ್ನೊಂದನೇ ಆಟ ಶುರುವಾಯಿತು. ಜಗಲಿಯಲ್ಲಿ ಹೆತ್ತವರೆಲ್ಲ ಒಂದೇ ಮೊಬೈಲ್ ಸುತ್ತ ಸೇರಿದರು. ಗೊಣಗಾಟ ನಿಂತಿತು.

17ರ ವಿಭಾಗದಲ್ಲಿ ಒಬ್ಬ ಹುಡುಗ ಎರಡು ರಾಣಿ ಇಟ್ಟುಕೊಂಡು ಎದುರಾಳಿಯ ಒಂಟಿ ರಾಜನಿಗೆ ಚೆಕ್ಕೂ ಇಲ್ಲದೆ ಮನೆಯೂ ಇಲ್ಲದೆ ಮಾಡಿಬಿಟ್ಟ. ಸ್ಟೇಲ್‌ಮೇಟ್, ಅರ್ಧರ್ಧ ಅಂಕ. ಮುಗಿದ ಕೂಡಲೇ ಕಾಯಿ ಕದಲಿಸದೆ ಕೈ ಎತ್ತಬೇಕು ಎಂಬ ನಿಯಮ ಇಲ್ಲಿ ಕಾಪಾಡಿತು. ಕಾಯಿ ಜೋಡಿಸಿಬಿಟ್ಟಿದ್ದರೆ ಇಬ್ಬರೂ “ನಾನು ಗೆದ್ದೆ” ಎಂದು ಬರುತ್ತಿದ್ದರು.

ಸುಂಟಿಕೊಪ್ಪ ಕಡೆಯ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬಂದ ಹುಡುಗ ಊಟದ ಹೊತ್ತಿಗೆ ಮೂರೂ ಸೋತಿದ್ದ. ಮನೆಗೆ ಹೋಗಲೇ ಎಂದು ಅವನ ಟೀಚರನ್ನು ಕೇಳಿದನಂತೆ. ನಾಲ್ಕನೇ ಸುತ್ತಿನಲ್ಲಿ ತನ್ನಂತೆಯೇ ಸೊನ್ನೆಯಲ್ಲಿದ್ದವನ ಎದುರು ಕೂತ, ಗೆದ್ದ. ಐದನೆಯದು ಡ್ರಾ. ಆರನೆಯದನ್ನು ಪೂರ್ತಿ 40 ನಿಮಿಷ ಆಡಿ ಗೆದ್ದ. ಎರಡೂವರೆ ಅಂಕ! ಫಲಿತಾಂಶದ ಚೀಟಿಗೆ ಸಹಿ ಹಾಕುವಾಗ ಅವನ ಅಕ್ಷರ ಚೌಕದ ಆಚೆಗೂ ಹೋಗಿತ್ತು. ದೈಹಿಕ ಶಿಕ್ಷಕರು ಇದನ್ನು ಪಕ್ಕದಲ್ಲೇ ನಿಂತು ನೋಡಿದರು. “ಮುಂದಿನ ವರ್ಷವೂ ಸ್ವಿಸ್ಸೇ ಇರಲಿ ಸರ್” ಎಂದರು.

ನಾಲ್ಕೂ ಹತ್ತಕ್ಕೆ ಹಾಲ್ ಖಾಲಿ. ಸಂಜೆ ಸುದ್ದಿ: ಗುಕೇಶ್ ಗೆದ್ದ, 6-5.

9 ಡಿಸೆಂಬರ್, ಸೋಮವಾರ

ಕ್ಲಾಕ್ ಎಣಿಸಿ ಮೈಸೂರಿಗೆ ಕಳಿಸಿದ್ದಾಯಿತು. ಡಿಂಗ್ ಇಂದು ಗೆದ್ದು 6-6 ಮಾಡಿದರು.

13 ಡಿಸೆಂಬರ್, ಶುಕ್ರವಾರ

ನಿನ್ನೆ ಸಂಜೆ ಗುಕೇಶ್ ವಿಶ್ವ ಚಾಂಪಿಯನ್ ಆದ, ಹದಿನೆಂಟನೇ ವಯಸ್ಸಿಗೆ. ಡ್ರಾ ಆಗಬಹುದಾಗಿದ್ದ ಕೊನೆಯ ಆಟದಲ್ಲಿ ಡಿಂಗ್ 55ನೇ ನಡೆಗೆ ಆನೆಯನ್ನು ತಪ್ಪು ಮನೆಗೆ ಇಟ್ಟರು. ಇಂದು ಬೆಳಗಿನಿಂದ ಫೋನು ಬಿಡುವಿಲ್ಲ. ಮಕ್ಕಳಿಗೆ ಚೆಸ್ ಕಲಿಸುವವರು ಯಾರಿದ್ದಾರೆ ಎಂದು ಎಲ್ಲರ ಪ್ರಶ್ನೆ.

ಪೊನ್ನಂಪೇಟೆ ಕಡೆಯ ಮೇಷ್ಟ್ರೊಬ್ಬರು ನಿಯಮಗಳ ಹಾಳೆ ಕೇಳಿದರು, ತಮ್ಮಲ್ಲೂ ಒಂದು ಟೂರ್ನಿ ಮಾಡುತ್ತಾರಂತೆ. “ಕ್ಲಾಕ್ ಇಲ್ಲದಿದ್ದರೆ ನಡೆಯುತ್ತಾ ಸರ್?” ಎಂದರು. ಯಾರಿಗೂ ಇಲ್ಲದಿದ್ದರೆ ನಡೆಯುತ್ತದೆ, ಕೆಲವರಿಗೆ ಮಾತ್ರ ಇದ್ದರೆ ಬೇಡ ಎಂದೆ. ನಾಕೌಟ್ ಮಾತ್ರ ಮಾಡಬೇಡಿ ಎಂದೂ ಸೇರಿಸಿದೆ.

ಅವರಿಗೆ ಕಳಿಸುವ ಮುಂಚೆ ಹಾಳೆಯ ಹಿಂಬದಿಯಲ್ಲಿ, ನಡೆಸುವವರಿಗಾಗಿ, ಒಂದು ಸಾಲು ಬರೆದೆ: ನಾಲ್ಕು ಮೇಜಿಗೆ ಒಬ್ಬ ಕಾವಲುಗಾರ ಬೇಕು, ಅವನು ಕೂರಬಾರದು, ಮಾತಾಡಬಾರದು, ಮಕ್ಕಳ ಕೈಗಳನ್ನೇ ನೋಡುತ್ತಿರಬೇಕು. ಎರಡನೇ ಸುತ್ತಿನ ಆ ಹುಡುಗಿಯಂಥವರ ದೂರಿಗೆ ಮುಂದಿನ ಸಲ ಸಾಕ್ಷಿ ಇರಲೇಬೇಕು. ಈ ಕಾವಲಿಗೆ ಬರುವಂತೆ ಪಿಯು ಕಾಲೇಜಿನ ಕೆಲವರನ್ನು ಕೇಳಿದ್ದೇನೆ. ಪುತ್ತರಿ ಕಳೆದ ಮೇಲೆ ಒಂದು ಭಾನುವಾರ ಅವರನ್ನು ಕೂರಿಸಿಕೊಂಡು ಹಾಳೆಯನ್ನು ಮೊದಲ ಸಾಲಿನಿಂದ ಓದಬೇಕು.