ಹಿತ್ತಾಳೆಯ ಪಂಪ್ ಸ್ಟೌವ್

ಹಿತ್ತಾಳೆಯ ಪಂಪ್ ಸ್ಟೌವನ್ನು ಹಿರಿಯ ಓದುಗರು ಮರೆತಿರಲಾರರು. 1892ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಪ್ರೈಮಸ್ಸೇ ಅದರ ಮೂಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಒಯ್ಯಲೆಂದು ಬೆಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ ಅಂಥದೊಂದನ್ನು ಕೊಂಡೆವು. ಹುಣಸೆಹಣ್ಣು ತಿಕ್ಕಿದೊಡನೆ ಥಳಥಳಿಸಿತು. ಆ ಹೊಳಪನ್ನು ನಂಬಿ ಹಚ್ಚುವುದು ಮಾತ್ರ ಅವಿವೇಕ. ಒಣಗಿದ್ದ ಚರ್ಮದ ವಾಷರನ್ನು ಎಣ್ಣೆಯಲ್ಲಿ ನೆನೆಸಿ ಮೆದುಗೊಳಿಸಿದೆವು. ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಲು ಬೆಸುಗೆಯ ಸಂದಿನಿಂದ ಗುಳ್ಳೆಗಳೆದ್ದವು. ಒತ್ತಡದಲ್ಲಿರುವ ಸೀಮೆಎಣ್ಣೆ ಅಲ್ಲಿಂದ ಚಿಮ್ಮಿದರೆ ಉಟ್ಟ ಸೀರೆಗೇ ಬೆಂಕಿ. ಹಿಂದೆ ಎಷ್ಟು ಮನೆಗಳ ಹೆಣ್ಣುಮಕ್ಕಳು ಹೀಗೆ ನೊಂದರೋ! ಬೆಸುಗೆಗಾರರಿಂದ ಸಂದು ಮುಚ್ಚಿಸಿ ಮರಳಿ ಮುಳುಗಿಸಿದೆವು, ಗುಳ್ಳೆ ಏಳಲಿಲ್ಲ. ಜಾತ್ರೆಯ ಬಯಲಿನಲ್ಲಿ, ಎತ್ತುಗಳ ಹುಲ್ಲಿನಿಂದ ದೂರದಲ್ಲಿ ಹಚ್ಚಿದಾಗ ಭೋರೆಂದು ನೀಲಿ ಜ್ವಾಲೆ ಎದ್ದಿತು. ಮನೆಯ ಒಳಗೆ ಅದನ್ನು ಹಚ್ಚಗೊಡುವುದಿಲ್ಲ. ಸೊಸೆಯರಿಗೆ ಗ್ಯಾಸಿನ ಒಲೆಯೇ ಇರಲಿ.