ಏನಂತ ಹರಕೆ ಹೊರಲಿ?

“ಆಪರೇಷನ್ ಯಾವಾಗ?” ಊರಿಂದ ಫೋನ್ ಮಾಡಿದವರೆಲ್ಲ ಕೇಳೋದು ಇದೊಂದೇ. ಗೊತ್ತಿಲ್ಲ ಅಂದ್ರೆ ನಂಬೋದಿಲ್ಲ, ದುಡ್ಡು ಹೊಂದಿಸ್ತಿರಬೇಕು ಅಂದ್ಕೋತಾರೆ. ನಾವು ಕಾಯ್ತಿರೋದು ಒಂದು ಹೃದಯಕ್ಕೆ. ಅದು ಈ ಹೊತ್ತಿನಲ್ಲಿ ಇನ್ಯಾರದೋ ಎದೆಯಲ್ಲಿ ಚೆನ್ನಾಗೇ ಬಡೀತಾ ಇದೆ...

ನಮ್ಮದು ಪಾವಗಡ ತಾಲ್ಲೂಕಿನ ತಿರುಮಣಿ. ಸೋಲಾರ್ ಪಾರ್ಕಿನಿಂದಾಗಿ ನೀವು ಹೆಸರು ಕೇಳಿರಬಹುದು. ಮಗಳು ಹುಟ್ಟಿದ ಮೇಲೆ ನನ್ನವಳ ಹೃದಯದ ಸ್ನಾಯು ಸೋತು ಹಿಗ್ಗಿಹೋಯ್ತು. ಹೆರಿಗೆಯ ಆಸುಪಾಸಿನಲ್ಲಿ ಅಪರೂಪಕ್ಕೆ ಹೀಗಾಗುತ್ತೆ. ಎಷ್ಟೋ ಜನ ಮಾತ್ರೆಯಲ್ಲೇ ಸುಧಾರಿಸಿಕೊಳ್ತಾರೆ, ಇವಳಿಗೆ ಆಗಲಿಲ್ಲ. ಆರೋಗ್ಯವಾಗಿರೋ ಹೃದಯ ತನ್ನೊಳಗೆ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೂ ಶೇಕಡ 55ರಷ್ಟನ್ನಾದರೂ ಹೊರಗೆ ತಳ್ಳುತ್ತೆ. ಇವಳದು ಶೇಕಡ 18.

ಕರ್ನಾಟಕದಲ್ಲಿ ಅಂಗಾಂಗಕ್ಕೆ ಕಾಯೋರ ಪಟ್ಟಿ ನೋಡಿಕೊಳ್ಳೋದು ಸರ್ಕಾರದ ‘ಜೀವಸಾರ್ಥಕತೆ’. ರೇಷನ್ ಅಂಗಡಿ ಸಾಲಿನ ಹಾಗಲ್ಲ ಇದು. ರಕ್ತದ ಗುಂಪು ಹೊಂದಬೇಕು, ಮೈಯಳತೆ ಹೊಂದಬೇಕು. ಇವಳದು ಓ ಗುಂಪು. ಓ ಗುಂಪಿನ ಹೃದಯ ಯಾವ ಗುಂಪಿನವರಿಗೂ ಆದೀತು, ಓ ಗುಂಪಿನವರಿಗೆ ಮಾತ್ರ ಓ ಹೃದಯವೇ ಬೇಕು.

ಮೈಯಿಂದ ಹೊರಬಂದ ಹೃದಯ ಐಸಿನಲ್ಲಿಟ್ಟರೂ ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಂದು ಎದೆ ಸೇರಬೇಕು. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೃದಯವೊಂದು ಚೆನ್ನೈಗೆ ಹೊರಟಾಗ ಪೊಲೀಸರು ವಿಮಾನ ನಿಲ್ದಾಣದವರೆಗೂ ದಾರಿ ಖಾಲಿ ಮಾಡಿಸಿದ್ದು ಅದಕ್ಕೇ. ನಮ್ಮೂರಿಂದ ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರು ಸೇರೋಕೆ ಬಸ್ಸಿಗೇ ನಾಲ್ಕು ಗಂಟೆ ಬೇಕು! ಮಗಳನ್ನ ಅಮ್ಮನ ಹತ್ರ ಬಿಟ್ಟು, ಆಸ್ಪತ್ರೆ ಹತ್ರಾನೇ ರೂಮು ಮಾಡಿದ್ದೇವೆ. ಸೋಲಾರ್‌ಗೆ ಕೊಟ್ಟ ಜಮೀನಿನ ಗುತ್ತಿಗೆ ದುಡ್ಡು ಬಾಡಿಗೆಗೆ, ಮಾತ್ರೆಗೆ ಸರಿಹೋಗುತ್ತೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಇತ್ತು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರುತ್ತೆ.

ನನ್ನ ಕೆಲಸ ಲೆಕ್ಕ ಇಡೋದು. ಬೆಳಿಗ್ಗೆ ಎದ್ದ ತಕ್ಷಣ ಅವಳ ತೂಕ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಡಾಕ್ಟರಿಗೆ ಫೋನ್ ಮಾಡಬೇಕು. ದಿನಕ್ಕೆ ಒಂದೂವರೆ ಲೀಟರ್ ಅಷ್ಟೇ, ಅದರಲ್ಲೇ ಕಾಫಿ, ಮಜ್ಜಿಗೆ, ಸಾರು ಎಲ್ಲಾ. ಒಂದೂವರೆ ಲೀಟರ್ ಬಾಟಲಿ ತುಂಬಿಸಿಟ್ಟು, ಅವಳು ಒಂದು ಲೋಟ ಕಾಫಿ ಕುಡಿದರೆ ಬಾಟಲಿಯಿಂದ ಒಂದು ಲೋಟ ತೆಗೆದುಬಿಡ್ತೀನಿ. “ಊರಲ್ಲಿ ಬೋರು ಒಣಗಿ ನೀರಿರಲಿಲ್ಲ, ಇಲ್ಲಿ ನಲ್ಲಿ ತುಂಬ ನೀರು, ನೀವು ಬಿಡಲ್ಲ” ಅಂತ ನಗ್ತಾಳೆ. ಬಾಯಾರಿದಾಗ ಮಾತ್ರ ನಗೋದಿಲ್ಲ. ಆಗ ನಾನು ಕಿಟಕಿ ಕಡೆ ನೋಡ್ತೀನಿ.

ಅಡುಗೆಯೂ ನನ್ನದೇ. ಪುಣ್ಯಕ್ಕೆ ಮುದ್ದೆಗೆ ಉಪ್ಪು ಬೇಡ. ಸಾರಿಗೆ ಹುಣಸೆ, ಬೆಳ್ಳುಳ್ಳಿ, ಮೆಣಸು ಜಾಸ್ತಿ ಮಾಡಿ ನಾಲಿಗೆಗೆ ಮೋಸ ಮಾಡ್ತೀನಿ. ಅಂಗಡಿಯಲ್ಲಿ ಸಿಗೋ ‘ಕಡಿಮೆ ಸೋಡಿಯಂ’ ಉಪ್ಪು ತರಬಹುದಲ್ಲ ಅನ್ನಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತೆ; ಇವಳು ತಗೊಳ್ಳೋ ಕೆಲವು ಮಾತ್ರೆಗಳ ಜೊತೆ ಅದು ಅಪಾಯ.

ಇಷ್ಟೆಲ್ಲ ಅಭ್ಯಾಸ ಆಯ್ತು. ಆಗದೇ ಇರೋದು ಒಂದಿದೆ. “ಪಾವಗಡದ ಶನಿಮಹಾತ್ಮನಿಗೆ ಹರಕೆ ಹೊತ್ಕೊಳ್ಳಪ್ಪ” ಅಂತ ಅಮ್ಮ ಪ್ರತಿ ವಾರ ಹೇಳ್ತಾಳೆ. ಏನಂತ ಹೊರಲಿ ಹೇಳಿ? ಬೇಗ ಹೃದಯ ಸಿಗಲಿ ಅಂದ್ರೆ ಏನು ಕೇಳಿದ ಹಾಗಾಯ್ತು? ಹೃದಯ ಕೊಡೋರಲ್ಲಿ ಎಷ್ಟೋ ಜನ ರಸ್ತೆಯಲ್ಲಿ ಬಿದ್ದು ತಲೆಗೆ ಪೆಟ್ಟಾದವರು. ನಾಲ್ಕು ಜನ ಡಾಕ್ಟರು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಮೆದುಳು ಸತ್ತಿದೆ ಅಂತ ಖಾತ್ರಿ ಮಾಡ್ತಾರೆ. ಆಮೇಲೆ ಹೊರಗೆ ಕೂತಿರೋ ಗಂಡನೋ ಹೆಂಡತಿಯೋ ಅಪ್ಪ ಅಮ್ಮನೋ ಸಹಿ ಹಾಕಬೇಕು. ನನ್ನ ಹಾಗೇ ಲೆಕ್ಕ ಇಟ್ಟುಕೊಂಡು ಬದುಕಿದವರು.

ಹೋದ ತಿಂಗಳು ಆಸ್ಪತ್ರೆಯಿಂದ ಆಟೋದಲ್ಲಿ ಬರ್ತಿದ್ವಿ. ಪಕ್ಕದಲ್ಲಿ ಇಬ್ಬರು ಹುಡುಗರು ಹೆಲ್ಮೆಟ್ ಇಲ್ಲದೆ ಬೈಕಲ್ಲಿ ನುಗ್ಗಿದರು. ಎರಡು ಮಾತಾಡಿದರೆ ಏದುಸಿರು ಬಿಡೋ ಇವಳು ತಲೆ ಹೊರಗೆ ಹಾಕಿ, “ಲೇ, ಹೆಲ್ಮೆಟ್ ಹಾಕ್ಕೊಳ್ರೋ!” ಅಂತ ಕೂಗಿಬಿಟ್ಟಳು. ಮನೆ ಸೇರೋವರೆಗೂ ಅವಳಿಗೆ ಉಸಿರು ಸರಿಹೋಗಲಿಲ್ಲ.

ಅವತ್ತಿಂದ ನನ್ನ ಹರಕೆ ಸರಳವಾಗಿದೆ. ಯಾರೂ ಸಾಯೋದು ಬೇಡ. ಸಾವು ತಪ್ಪಿಸೋಕೇ ಆಗದ ಮನೆಯಲ್ಲಿ ‘ಕೊಡೋಣ’ ಅನ್ನೋ ಒಂದು ಬಾಯಿ ಇರಲಿ. ಅಮ್ಮನಿಗೆ ಇದು ಹರಕೆ ಅನ್ನಿಸೋದಿಲ್ಲ, ಇರಲಿ.

ನಾವಿಬ್ಬರೂ ಜೀವಸಾರ್ಥಕತೆಯಲ್ಲಿ ನೋಂದಾಯಿಸಿದ್ದೇವೆ. “ನಿನ್ನ ಹತ್ರ ಕೊಡೋಕೆ ಏನಿದೆ?” ಅಂತ ಛೇಡಿಸಿದೆ. “ಯಾಕೆ, ಕಣ್ಣು ಚೆನ್ನಾಗೇ ಇದೆಯಲ್ಲ” ಅಂದಳು. ಕಣ್ಣಿಗೆ ಮೆದುಳು ಸಾವಿನ ಷರತ್ತಿಲ್ಲ, ಮನೆಯಲ್ಲೇ ತೀರಿಕೊಂಡವರೂ ಕೊಡಬಹುದು. ಆರು ಗಂಟೆಯೊಳಗೆ ತೆಗೀಬೇಕು ಅಷ್ಟೇ.

ನೀವು ಕಾರ್ಡು ಮಾಡಿಸಿಟ್ಟರೂ ಕೊನೆಗೆ ಕೇಳೋದು ಮನೆಯವರನ್ನೇ. ಅದಕ್ಕೇ ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮನಸ್ಸಿನಲ್ಲಿರೋದನ್ನ ಅವರ ಕಿವಿಗೆ ಹಾಕಿಬಿಡಿ.