ಮನೆಮಂದಿಗೆಲ್ಲ ಒಂದೇ ಕ್ಯಾಲೆಂಡರು

ನಿಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲೂ ಒಂದು ಕ್ಯಾಲೆಂಡರು ನೇತಾಡುತ್ತಿರಬೇಕು, ಅಲ್ಲವೇ? ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ಚೀಟಿ ಹಣ ಕಟ್ಟುವ ದಿನ, ಸಂಕಷ್ಟಿ, ಏಕಾದಶಿ ಎಲ್ಲಾ ಅದರಲ್ಲೇ. ಅದರಲ್ಲಿ ಹಿಡಿಸದೆ ಉಳಿದದ್ದು ನಮ್ಮ ತಲೆಯಲ್ಲಿ. ಮನೆಯ ಉಳಿದವರಿಗೆ ಮಾತ್ರ ಆ ಕ್ಯಾಲೆಂಡರು ಕಾಣುವುದೇ ಇಲ್ಲ. "ಅಮ್ಮಾ, ಫೀಸು ಕಟ್ಟೋದು ಯಾವತ್ತು?", "ಏನೇ, ಎಲ್‌ಐಸಿ ಕಂತು ಯಾವಾಗ?" ಅಂತ ನಮ್ಮನ್ನೇ ಕೇಳ್ತಾರೆ. ಗೃಹಿಣಿಗೇನು ಕೆಲಸ ಅನ್ನುವವರು ಈ ನೆನಪಿಟ್ಟುಕೊಳ್ಳುವ ಕೆಲಸವನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೋ ನಾ ಕಾಣೆ.

ನಮ್ಮಲ್ಲಿ ಇದರ ಬಿಸಿ ಮುಟ್ಟಿದ್ದು ಅತ್ತೆಯವರ ಕಣ್ಣಿನ ವಿಷಯದಲ್ಲಿ. ಅವರಿಗೆ ಸಕ್ಕರೆ ಕಾಯಿಲೆ ಹಳೆಯದು. ಅದು ಕಣ್ಣಿನ ಹಿಂಭಾಗದ ಪರದೆಗೆ ತಗುಲಿದೆ. ಡಾಕ್ಟರು ಹೇಳಿದ ದಿನಕ್ಕೇ ಹೋಗಿ ಇಂಜೆಕ್ಷನ್ ಹಾಕಿಸಬೇಕು, ತಪ್ಪಿಸಿದರೆ ದೃಷ್ಟಿಗೇ ಅಪಾಯ. ನಾವಿರುವುದು ತಿಪಟೂರಿನಲ್ಲಿ, ತೋರಿಸುವುದು ಬೆಂಗಳೂರಿನಲ್ಲಿ. ಮೈದುನ, ಓರಗಿತ್ತಿ ಅಲ್ಲೇ ಇದ್ದಾರೆ. ಪ್ರತಿ ಸಲ ನಾನು ಫೋನು ಮಾಡಿ ತಿಳಿಸಿದರೂ, ದಿನ ಹತ್ತಿರ ಬಂದಾಗ "ನಮಗೆ ಯಾರೂ ಹೇಳಲೇ ಇಲ್ಲ" ಅನ್ನುವ ಮಾತು. ರೈಲಿಳಿದ ವಯಸ್ಸಾದವರನ್ನು ಕರೆದೊಯ್ಯಲು ಜನ ಇಲ್ಲ. ಎರಡು ಮೂರು ಸಲ ಹೀಗಾದ ಮೇಲೆ ಅದು ಬರೀ ಕಣ್ಣಿನ ವಿಷಯವಾಗಿ ಉಳಿಯಲಿಲ್ಲ. ಅಣ್ಣ ತಮ್ಮಂದಿರ ಮಧ್ಯೆ ಮಾತು ಬಿಗಿಯಾಯಿತು.

ಆಗ ನನ್ನ ಮಗಳು ಗೂಗಲ್ ಕ್ಯಾಲೆಂಡರ್ ತೋರಿಸಿಕೊಟ್ಟಳು. 2006ರಿಂದಲೂ ಇರುವಂಥದ್ದು. ಕಾಸು ಕೊಡಬೇಕಿಲ್ಲ, ಒಂದು ಜಿಮೇಲ್ ವಿಳಾಸ ಇದ್ದರೆ ಸಾಕು. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಎಡಗಡೆ 'ಅದರ್ ಕ್ಯಾಲೆಂಡರ್ಸ್' ಎಂಬ ಮಾತಿನ ಪಕ್ಕದ ಕೂಡುವ ಗುರುತು ಒತ್ತಿದರೆ ಹೊಸ ಕ್ಯಾಲೆಂಡರು ಮಾಡಿಕೊಳ್ಳಬಹುದು. ನಾವು 'ಮನೆ' ಅಂತ ಹೆಸರಿಟ್ಟೆವು, ಕನ್ನಡದಲ್ಲೇ. ಆಮೇಲೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ ಒಬ್ಬೊಬ್ಬರ ವಿಳಾಸ ಸೇರಿಸಬೇಕು. ಬರೀ ನೋಡುವ ಹಕ್ಕು ಕೊಡಬಹುದು, ಬರೆಯುವ ಹಕ್ಕೂ ಕೊಡಬಹುದು. ಅವರಿಗೊಂದು ಮೇಲ್ ಹೋಗುತ್ತೆ, ಅದರಲ್ಲಿರುವ ಕೊಂಡಿ ಒತ್ತಿದರಾಯಿತು, ಅವರ ಫೋನಿನಲ್ಲೂ ನಮ್ಮ ಮನೆಯ ಕ್ಯಾಲೆಂಡರು ಬಂದು ಕೂರುತ್ತೆ. ಅಲ್ಲೇ ಸಾರ್ವಜನಿಕರಿಗೆಲ್ಲ ಕಾಣಿಸುವಂತೆ ಮಾಡುವ ಒಂದು ಚೌಕವೂ ಇದೆ. ಅದನ್ನು ಮಾತ್ರ ಮುಟ್ಟಬೇಡಿ ಸೋದರಿಯರೇ. ಯಾವ ದಿನ ಮನೆಗೆ ಬೀಗ ಹಾಕಿರುತ್ತೀರಿ ಅಂತ ಊರಿಗೆಲ್ಲ ಡಂಗುರ ಹೊಡೆಸಿದಂತಾಗುತ್ತೆ.

ಇನ್ನೊಂದು ವಿಷಯ. ನೀವು 'ಹಿಂದಿನ ದಿನ ನೆನಪಿಸು' ಅಂತ ಹಾಕಿಕೊಂಡರೆ ಆ ಗಂಟೆ ನಿಮ್ಮ ಫೋನಿನಲ್ಲಿ ಮಾತ್ರ ಬಾರಿಸುತ್ತೆ. ಗಂಡನ ಫೋನಿನಲ್ಲಿ ಬಾರಿಸಬೇಕಾದರೆ ಅವರ ಫೋನಿನಲ್ಲೇ ಬೇರೆಯಾಗಿ ಹಾಕಬೇಕು. ಇದೊಂದನ್ನು ಹೇಳಿಕೊಡದೆ ಬಿಟ್ಟರೆ ಗಂಟೆ ಬಾರಿಸುವ ಕೆಲಸವೂ ನಮಗೇ ಗಂಟು ಬೀಳುತ್ತೆ!

ವಿದ್ಯುತ್ ಬಿಲ್ಲು, ಚೀಟಿ, ಹುಟ್ಟಿದ ಹಬ್ಬ ಇವೆಲ್ಲ ಸುಲಭ. ಒಂದು ಸಲ ಹಾಕಿ ಪ್ರತಿ ತಿಂಗಳು, ಪ್ರತಿ ವರ್ಷ ಅಂದರೆ ತಾನಾಗಿ ಬರುತ್ತೆ. ಮನೆಕಂದಾಯವನ್ನು ಏಪ್ರಿಲ್ ಮೊದಲ ವಾರಕ್ಕೇ ಹಾಕಿಟ್ಟುಕೊಳ್ಳಿ, ಆ ತಿಂಗಳಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ ಉಂಟು. ಆದರೆ ಮಾವನವರ ತಿಥಿಗೆ ಈ ಉಪಾಯ ನಡೆಯೋದಿಲ್ಲ. ಪ್ರತಿ ವರ್ಷ ಅಂದರೆ ಅದು ಇಂಗ್ಲಿಷ್ ತಾರೀಖನ್ನೇ ಹಿಡಿಯುತ್ತೆ. ನಮ್ಮ ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ನಡುವೆ ಅಧಿಕಮಾಸ ಬೇರೆ. ಗಣೇಶನ ಹಬ್ಬವನ್ನೇ ನೋಡಿ, 2025ರಲ್ಲಿ ಆಗಸ್ಟ್ 27, 2026ರಲ್ಲಿ ಅಧಿಕ ಜ್ಯೇಷ್ಠದ ದೆಸೆಯಿಂದ ಸೆಪ್ಟೆಂಬರ್ 14. ಹಾಗಾಗಿ ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ನಾನೂ ಅತ್ತೆಯವರೂ ಕೂತು ವರ್ಷದ ಶ್ರಾದ್ಧ, ವ್ರತಗಳನ್ನೆಲ್ಲ ನೋಡಿ ಒಂದೊಂದಾಗಿ ಹಾಕುತ್ತೇವೆ. ಅವರು ಓದಿಸಿಕೊಂಡು ಹೇಳೋದು, ನಾನು ಒತ್ತೋದು. ಒಂದು ಮಧ್ಯಾಹ್ನದ ಕೆಲಸ. ಅವರಿಗೆ ಫೋನಿನ ಅಕ್ಷರ ಕಾಣದು. ಆದ್ದರಿಂದ ಗೋಡೆಯ ಕ್ಯಾಲೆಂಡರನ್ನು ತೆಗೆದಿಲ್ಲ, ವಾರಕ್ಕೊಮ್ಮೆ ಮಗ ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿಡುತ್ತಾನೆ.

ಹಳೇ ಕ್ಯಾಲೆಂಡರಿನಲ್ಲಿ ನಾವು ಹೆಂಗಸರು ತಿಂಗಳಿಗೊಂದು ಚುಕ್ಕೆ ಇಡುತ್ತಿದ್ದೆವಲ್ಲ, ನಮಗೆ ಮಾತ್ರ ಅರ್ಥವಾಗುವ ಚುಕ್ಕೆ? ಅದನ್ನು 'ಮನೆ'ಯಲ್ಲಿ ಹಾಕಬೇಕಿಲ್ಲ. ಪ್ರತಿಯೊಬ್ಬರಿಗೂ ಸ್ವಂತದ್ದೊಂದು ಕ್ಯಾಲೆಂಡರು ಇದ್ದೇ ಇರುತ್ತೆ, ನಾವಾಗಿ ಹಂಚದ ಹೊರತು ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಮಗಳಿಗೂ ಹಾಗೇ ಹೇಳಿಕೊಟ್ಟಿದ್ದೇನೆ.

ನಿಜವಾದ ತೊಡಕು ಬೇರೆ. "ನೀನೇ ಹಾಕಿಬಿಡು" ಅನ್ನುವುದು ಎಲ್ಲರ ಬಾಯಲ್ಲೂ. ಹಾಗೆ ಒಪ್ಪಿಕೊಂಡರೆ ಮುಗಿಯಿತು, ತಲೆಯಲ್ಲಿದ್ದ ಹೊರೆ ಫೋನಿಗೆ ಬರುತ್ತೆ, ಹೊರುವವಳು ಅವಳೇ. ನಾನು ಮೊದಲ ದಿನವೇ ಹೇಳಿಬಿಟ್ಟೆ, ಅವರವರದ್ದು ಅವರವರೇ ಬರೆಯಬೇಕು, ಬರೆಯದ್ದನ್ನು ನಾನು ನೆನಪಿಸುವುದಿಲ್ಲ ಅಂತ. ನಮ್ಮ ಮನೆಯವರು ನಕ್ಕು ಸುಮ್ಮನಾದರು. ತಿಂಗಳೊಳಗೆ ಅವರ ಸ್ನೇಹಿತರ ಮನೆ ಗೃಹಪ್ರವೇಶ ತಪ್ಪಿಹೋಯಿತು. "ಯಾಕೆ ನೆನಪಿಸಲಿಲ್ಲ?" ಅಂದರು. "ಬರೆದಿದ್ದಿರಾ?" ಅಂದೆ. ಈಗ ಸ್ಕೂಟರಿನ ಸರ್ವೀಸು ಕೂಡ ಬರೆಯುತ್ತಾರೆ.

ಓರಗಿತ್ತಿಗೆ ಮೊದಮೊದಲು ಇದು ತನ್ನ ಮೇಲಿಟ್ಟ ಕಾವಲು ಅನ್ನಿಸಿತು. ಅವಳೂ ಕೆಲಸಕ್ಕೆ ಹೋಗುವವಳು, ಮನೆ ತುಂಬಾ ಕೆಲಸ. ತನ್ನ ಆಫೀಸಿನ ದಿನಗಳನ್ನೂ ಅವಳು ಹಾಕತೊಡಗಿದ ಮೇಲೆಯೇ ನಮಗೆ ಗೊತ್ತಾದದ್ದು, ವಾರದಲ್ಲಿ ಎಷ್ಟು ಸಂಜೆ ಅವಳು ಮನೆಗೆ ಬರುವುದೇ ರಾತ್ರಿಯಾಗುತ್ತೆ ಅಂತ. ಈಗ ಡಾಕ್ಟರು ಎರಡು ದಿನ ಕೊಟ್ಟರೆ ಅವಳಿಗೆ ಬಿಡುವಿರುವ ದಿನವನ್ನೇ ಕೇಳಿ ಪಡೆಯುತ್ತೇವೆ. "ಹೇಳಲೇ ಇಲ್ಲ" ಅನ್ನುವ ಮಾತಿಗೆ ಎಡೆಯಿಲ್ಲ.

ಮುಂದಿನ ಇಂಜೆಕ್ಷನ್ನಿನ ತಾರೀಖು ಹಾಕಿದ ಸಂಜೆಯೇ ಅದರ ಕೆಳಗೆ ಮೈದುನ, "ರಜೆ ಹಾಕಿದೀನಿ, ಅಮ್ಮನ್ನ ಸ್ಟೇಷನ್ನಿಂದ ನಾನೇ ಕರ್ಕೊಂಡು ಹೋಗ್ತೀನಿ" ಅಂತ ಬರೆದಿದ್ದ. ಅತ್ತೆಯವರಿಗೆ ಓದಿ ಹೇಳಿದೆ. "ಬರಲಿ, ಬಂದ ಮೇಲೆ ಹೇಳು" ಅಂದು ಹೂಬತ್ತಿ ಹೊಸೆಯುವುದನ್ನು ಮುಂದುವರಿಸಿದರು.